ಅಂಡಜ ಜೀವದ ಆರಂಭ ಮತ್ತು ಶ್ರಾವಕನ ಸತ್ಯವ್ರತ

ಕೃಷ್ಣರಾಜನಗರದ ಕಡೆಯ ಸಾಲಿಗ್ರಾಮದ ಶ್ರಾವಕ ಕುಟುಂಬವೊಂದರಲ್ಲಿ ನಡೆದ ಮಾತುಕತೆ ಇದು. ಪ್ರೌಢಶಾಲೆಯಲ್ಲಿ ಓದುತ್ತಿರುವ ಮೊಮ್ಮಗಳು ಸಂಜೆ ಮನೆಗೆ ಬಂದವಳೇ ಪುಸ್ತಕದ ಚೀಲವನ್ನು ಕೆಳಗಿಟ್ಟು ಕೇಳಿದಳು: “ತಾತ, ಮೊಟ್ಟೆಯೊಳಗೆ ಮರಿ ಇರುತ್ತದೆ, ಅದಕ್ಕೇ ತಿನ್ನಬಾರದು ಎಂದು ನೀವು ಹೇಳಿದ್ದಿರಲ್ಲ? ಅಂಗಡಿಯ ಮೊಟ್ಟೆಯಲ್ಲಿ ಮರಿ ಇರುವುದೇ ಇಲ್ಲವಂತೆ. ಹುಂಜವಿಲ್ಲದೆ ಇಟ್ಟ ಮೊಟ್ಟೆಗೆ ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗುವುದಿಲ್ಲ ಎಂದು ಮೇಷ್ಟ್ರು ಪಾಠ ಮಾಡಿದರು. ಹಾಗಾದರೆ ನೀವು ಹೇಳಿದ್ದು ಸುಳ್ಳಾ?”

ತಾತ ಒಂದು ಕ್ಷಣ ತಡೆದು, “ಶಾಸ್ತ್ರದಲ್ಲಿ ಬೇಡ ಎಂದಿದೆ, ಸುಮ್ಮನಿರು ಮಗು” ಎಂದರು. ಮೊಮ್ಮಗಳು ಸುಮ್ಮನಾದಳು. ಆದರೆ ಆ ಮೌನ ಒಪ್ಪಿಗೆಯ ಮೌನವಾಗಿರಲಿಲ್ಲ.

ಇದು ಒಂದೇ ಮನೆಯ ಮಾತಲ್ಲ. ಕರ್ನಾಟಕದ ಶಾಲೆಗಳ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವ ಕ್ರಮ ೨೦೨೧ರ ಡಿಸೆಂಬರ್ ತಿಂಗಳಲ್ಲಿ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. ಅನಂತರ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ೨೦೨೪ರಲ್ಲಿ ಅದನ್ನು ವಾರದ ಆರು ದಿನಗಳಿಗೆ ಏರಿಸಲಾಯಿತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಮೊದಲಾದ ಬದಲಿ ಆಹಾರದ ಏರ್ಪಾಡು ಇದೆ. ಹೀಗಾಗಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಜೈನ ಮಕ್ಕಳು ಪಂಕ್ತಿಯಲ್ಲಿ ಕುಳಿತು, ತಾವು ಏಕೆ ಬೇಡವೆನ್ನುತ್ತೇವೆಂಬುದನ್ನು ಪಕ್ಕದ ಗೆಳೆಯರಿಗೆ ಹೇಳಬೇಕಾದ ಸಂದರ್ಭ ಒದಗಿದೆ. ಅವರ ಬಾಯಿಗೆ ಹಿರಿಯರು ಯಾವ ಕಾರಣವನ್ನು ಕೊಟ್ಟಿದ್ದಾರೆ, ಆ ಕಾರಣ ನಿಜವೇ ಎಂಬುದು ಇಲ್ಲಿನ ವಿಚಾರ.

ಈ ಸೀಮೆಗೆ ಆಹಾರವಿವೇಕದ ಪ್ರಶ್ನೆ ಹೊಸದೇನೂ ಅಲ್ಲ. ಮುನಿಪರಂಪರೆಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಪನಸೋಗೆ, ಇಂದಿನ ಚಿಕ್ಕ ಹನಸೋಗೆ, ಕೃಷ್ಣರಾಜನಗರದ ಸೀಮೆಯಲ್ಲಿದೆ. ಗೊಮ್ಮಟಗಿರಿಯ ಬಾಹುಬಲಿಯು ಹುಣಸೂರು ತಾಲ್ಲೂಕಿನಲ್ಲಿ ನಿಂತಿದ್ದಾನೆ. ಅದೇ ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ‘ಸಮ್ಯಕ್ತ್ವ ಕೌಮುದಿ’ಯಂಥ ಧರ್ಮಕಾವ್ಯವನ್ನು ರಚಿಸಿದಂತೆಯೇ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೂ ರಚಿಸಿದನು. ಧರ್ಮಕಥೆಯನ್ನು ಬರೆದ ಕೈಯೇ ಅಡುಗೆಯ ಕ್ರಮವನ್ನೂ ಬರೆದ ನಾಡಿನಲ್ಲಿ, ತಟ್ಟೆಯ ಮುಂದೆ ಕುಳಿತ ಮಗುವಿನ ಪ್ರಶ್ನೆಯನ್ನು ಚಿಕ್ಕದೆಂದು ಕಡೆಗಣಿಸುವುದು ಸಲ್ಲದು.

ಅಂಡದೊಳಗೆ ನಡೆಯುವುದೇನು?

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಹೇಂಟೆಯ ಅಂಡಾಶಯದಿಂದ ಬಿಡುಗಡೆಯಾಗುವ ಹಳದಿಯ ಉಂಡೆಯ ಮೇಲೆ ಒಂದು ಸಣ್ಣ ಬಿಳಿಯ ಚುಕ್ಕೆ ಇರುತ್ತದೆ. ಮರಿಯಾಗುವ ಸಾಧ್ಯತೆ ಇರುವುದು ಆ ಚುಕ್ಕೆಯಲ್ಲಿ. ಹಳದಿ, ಬಿಳಿಯ ಲೋಳೆಗಳೆಲ್ಲ ಅದರ ಬುತ್ತಿ. ಹುಂಜದೊಡನೆ ಕೂಡಿದ ಹೇಂಟೆಯಾದರೆ, ಹಳದಿಯು ಅಂಡನಾಳವನ್ನು ಪ್ರವೇಶಿಸಿದ ಕೆಲವೇ ನಿಮಿಷಗಳಲ್ಲಿ ತಂದೆಯ ಬೀಜಕಣ ಆ ಚುಕ್ಕೆಯನ್ನು ಸೇರುತ್ತದೆ. ಅನಂತರ ಬಿಳಿಯ ಲೋಳೆ, ಪೊರೆ, ಚಿಪ್ಪು ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಚಿಪ್ಪೊಂದಕ್ಕೇ ಸುಮಾರು ೨೦ ಗಂಟೆ ಹಿಡಿಯುತ್ತದೆ. ಒಟ್ಟು ಒಂದು ದಿನಕ್ಕಿಂತ ತುಸು ಹೆಚ್ಚಿನ ಈ ಪಯಣದಲ್ಲಿ ಒಳಗಿನ ಜೀವಕೋಶ ಸುಮ್ಮನಿರುವುದಿಲ್ಲ. ಸುಮಾರು ೫ ಗಂಟೆಗಳಾಗುವಾಗ ಅದು ಎರಡಾಗಿ ಸೀಳುತ್ತದೆ; ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಮೊಟ್ಟೆ ನೆಲಕ್ಕೆ ಬೀಳುವ ಹೊತ್ತಿಗೆ, ಹೊರಗಿನಿಂದ ಏನೂ ಕಾಣದಿದ್ದರೂ, ಆ ಚುಕ್ಕೆಯಲ್ಲಿ ಸುಮಾರು ೪೦ರಿಂದ ೬೦ ಸಾವಿರ ಜೀವಕೋಶಗಳಿರುತ್ತವೆ.

ಬಳಿಕ ಒಂದು ವಿಚಿತ್ರವಾದ ವಿರಾಮ. ಹೇಂಟೆ ಕಾವು ಕೂರದಿದ್ದರೆ, ಮೊಟ್ಟೆ ತಣ್ಣಗಾದರೆ, ಬೆಳವಣಿಗೆ ನಿಂತುಬಿಡುತ್ತದೆ. ಅದು ಸಾವಲ್ಲ, ತಡೆ. ದಿನಗಳ ಅನಂತರ ಬೆಚ್ಚನೆಯ ಕಾವು ದೊರೆತರೂ ಬೆಳವಣಿಗೆ ಮುಂದುವರಿಯುತ್ತದೆ. ಹೆಚ್ಚು ಕಾಲ ಕಳೆದಂತೆ ಆ ಶಕ್ತಿ ಕುಂದುತ್ತದೆ. ಕಾವು ದೊರೆತ ಮೊದಲ ದಿನದಲ್ಲೇ ಚುಕ್ಕೆಯ ನಡುವೆ ಒಂದು ಗೆರೆ ಮೂಡಿ, ಜೀವಕೋಶಗಳು ಮೂರು ಪದರಗಳಾಗಿ ಸರಿದುಕೊಳ್ಳುತ್ತವೆ. ಹೊರ ಪದರದಿಂದ ಚರ್ಮ ಮತ್ತು ನರಮಂಡಲ, ನಡು ಪದರದಿಂದ ಹೃದಯ, ರಕ್ತ, ಮೂಳೆ, ಸ್ನಾಯು, ಒಳ ಪದರದಿಂದ ಅನ್ನನಾಳದ ಒಳಮೈ ಉಂಟಾಗುತ್ತವೆ. ಈ ಮೂರು ಪದರಗಳನ್ನು ಕೋಳಿಮೊಟ್ಟೆಯಲ್ಲೇ ಗುರುತಿಸಿ ೧೮೧೭ರಲ್ಲಿ ವಿವರಿಸಿದವನು ಪಾಂಡರ್ ಎಂಬ ವಿದ್ವಾಂಸ. ಎರಡನೆಯ ದಿನದಲ್ಲಿ ಹೃದಯ ಮಿಡಿಯತೊಡಗುತ್ತದೆ. ಮೂರನೆಯ ದಿನ ಕಾಲು ರೆಕ್ಕೆಗಳ ಮೊಳಕೆ ಕಾಣುತ್ತದೆ. ೨೧ನೆಯ ದಿನ ಮರಿ ಚಿಪ್ಪನ್ನು ಒಡೆದು ಹೊರಬರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನ ಅರಿಸ್ಟಾಟಲನು ದಿನಕ್ಕೊಂದು ಮೊಟ್ಟೆಯನ್ನು ಒಡೆದು ನೋಡುವ ಕ್ರಮದಿಂದ, ರಕ್ತದ ಬಿಂದುವಿನಂತೆ ಮಿಡಿಯುವ ಹೃದಯವನ್ನು ವರ್ಣಿಸಿದ್ದನು.

ಹುಂಜದ ಸಂಪರ್ಕವೇ ಇಲ್ಲದ ಹೇಂಟೆಯೂ ಮೊಟ್ಟೆ ಇಡುತ್ತದೆ. ಅದರಲ್ಲೂ ಹಳದಿಯಿದೆ, ಬಿಳಿಯಿದೆ, ಆ ಚುಕ್ಕೆಯೂ ಇದೆ. ಆದರೆ ಚುಕ್ಕೆ ಮರಿಯಾಗಿ ಬೆಳೆಯುವುದಿಲ್ಲ. ಹಳ್ಳಿಯ ಅಂಗಳದಲ್ಲಿ ಹುಂಜದೊಡನೆ ಮೇಯುವ ನಾಟಿ ಕೋಳಿಯ ಮೊಟ್ಟೆ ಬಹುಮಟ್ಟಿಗೆ ಮೊದಲನೆಯ ಬಗೆಯದು. ಫಾರಮ್ಮಿನಿಂದ ಅಂಗಡಿಗೂ ಶಾಲೆಗೂ ಬರುವ ಮೊಟ್ಟೆ ಎರಡನೆಯ ಬಗೆಯದು. ಅಲ್ಲಿ ಹುಂಜವನ್ನು ಸಾಕುವುದೇ ಇಲ್ಲ. ಮೇಷ್ಟ್ರು ಹೇಳಿದ ಪಾಠ ಸತ್ಯ.

ಆಗಮದ ದೃಷ್ಟಿ

ಜೈನಾಗಮ ಇದಕ್ಕೆ ವಿರುದ್ಧವಾಗಿ ಹೇಳುತ್ತದೆಯೇ? ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಜನ್ಮವನ್ನು ಮೂರು ವಿಧವಾಗಿ ವಿಂಗಡಿಸಲಾಗಿದೆ. ಜರಾಯುಜ, ಅಂಡಜ, ಪೋತ ಜೀವಿಗಳದು ಗರ್ಭಜನ್ಮ. ಕೋಳಿ ಅಂಡಜ, ಆದ್ದರಿಂದ ಗರ್ಭಜ. ಗರ್ಭವೆಂದರೇನೆಂಬುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಂದೆಯ ಶುಕ್ರ ಮತ್ತು ತಾಯಿಯ ಶೋಣಿತಗಳ ಮಿಶ್ರಣದಿಂದ ವಿವರಿಸಿದ್ದಾರೆ. ಎರಡರಲ್ಲಿ ಒಂದಿಲ್ಲದಿದ್ದರೆ ಆ ಲಕ್ಷಣದಂತೆ ಗರ್ಭವಿಲ್ಲ. ಗರ್ಭವಿಲ್ಲದಲ್ಲಿ ಗರ್ಭಜನಾದ ಪಂಚೇಂದ್ರಿಯ ಜೀವ ಬಂದು ನೆಲಸಿತೆನ್ನಲು ಆಧಾರವಿಲ್ಲ. ಹೀಗೆ ಹುಂಜವಿಲ್ಲದ ಮೊಟ್ಟೆಯಲ್ಲಿ ಮರಿಯ ಜೀವವಿದೆಯೆಂದು ಹೇಳುವವರು ಮೇಷ್ಟ್ರ ಪಾಠವನ್ನಷ್ಟೇ ಅಲ್ಲ, ಆಚಾರ್ಯರ ಲಕ್ಷಣವನ್ನೂ ಮೀರುತ್ತಾರೆ.

ಫಲಿತವಾದ ಮೊಟ್ಟೆಯ ವಿಷಯದಲ್ಲಿ ಮಾತ್ರ ಆಗಮದ ನಿಲುವು ಬಹಳ ಕಟ್ಟುನಿಟ್ಟಾದುದು. ಒಂದು ದೇಹವನ್ನು ತೊರೆದ ಜೀವ ಕೆಲವೇ ಸಮಯಗಳೊಳಗೆ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಸೇರಿದೊಡನೆ ಆಹಾರಯೋಗ್ಯ ಪುದ್ಗಲಗಳನ್ನು ಗ್ರಹಿಸತೊಡಗುತ್ತದೆ. ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂಬ ಪರ್ಯಾಪ್ತಿಗಳು ಅಂತರ್ಮುಹೂರ್ತದಲ್ಲಿ, ಎಂದರೆ ೪೮ ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ, ಪೂರ್ಣವಾಗುತ್ತವೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ವಿವೇಚಿಸಿದ್ದಾರೆ.

ಇಲ್ಲಿ ಎಚ್ಚರ ಬೇಕು. ಪರ್ಯಾಪ್ತಿಯೆಂದರೆ ಶಕ್ತಿಯ ಪೂರ್ಣತೆ, ಅವಯವದ ಪೂರ್ಣತೆಯಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದೇ ಜೀವಕೋಶ ಕಾಣುವ ಹೊತ್ತಿನಲ್ಲಿ ಕಣ್ಣು ಕಿವಿಗಳಿದ್ದವೆಂದು ಆಚಾರ್ಯರು ಹೇಳಿಲ್ಲ. ಹೀಗಿರುವಾಗ “ಭ್ರೂಣಶಾಸ್ತ್ರವು ಪರ್ಯಾಪ್ತಿಯನ್ನು ಸಾಧಿಸಿ ತೋರಿಸಿದೆ” ಎಂದು ಉತ್ಸಾಹದಿಂದ ಹೇಳುವುದೂ ತಪ್ಪು, “ಭ್ರೂಣಶಾಸ್ತ್ರವು ಅದನ್ನು ಸುಳ್ಳುಮಾಡಿದೆ” ಎಂದು ಅಂಜುವುದೂ ತಪ್ಪು. ಜೀವಕೋಶ ಯಾವಾಗ ಸೀಳಿತು, ಹೃದಯ ಯಾವಾಗ ಮಿಡಿಯಿತು ಎಂಬುದು ಭ್ರೂಣಶಾಸ್ತ್ರಜ್ಞನ ಪ್ರಶ್ನೆ. ನೋವು ಯಾವಾಗ ಆರಂಭವಾಗುತ್ತದೆ ಎಂಬುದು ಕಾನೂನು ಮಾಡುವವನ ಪ್ರಶ್ನೆ. ಜೀವ ಯಾವಾಗ ಬಂದು ಸೇರಿತು ಎಂಬುದು ಆಗಮದ ಪ್ರಶ್ನೆ. ಮೂರು ಪ್ರಶ್ನೆಗಳಿಗೆ ಮೂರು ನಯಗಳಿಂದ ಉತ್ತರ ಬರುತ್ತದೆ. ಒಂದರ ಉತ್ತರವನ್ನು ಇನ್ನೊಂದರ ಮೇಲೆ ಹೇರದಿರುವುದೇ ಅನೇಕಾಂತದ ಶಿಸ್ತು.

ಮಿಥ್ಯೋಪದೇಶವೆಂಬ ಅತಿಚಾರ

ವ್ಯಾಪಾರದ ಮನೆತನಗಳಿಗೆ ಅಚೌರ್ಯವ್ರತದ ಅತಿಚಾರಗಳು ಚೆನ್ನಾಗಿ ಪರಿಚಿತ. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು ಅವುಗಳಲ್ಲೊಂದು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಟ್ಟವನನ್ನು ಪೇಟೆ ಬಹುಕಾಲ ನಂಬುವುದಿಲ್ಲ. ಸತ್ಯವ್ರತದ ಅತಿಚಾರಗಳ ಪಟ್ಟಿಯಲ್ಲಿ ಮೊದಲನೆಯದು ಮಿಥ್ಯೋಪದೇಶ, ಎಂದರೆ ತಪ್ಪು ದಾರಿಗೆ ಎಳೆಯುವ ಬೋಧನೆ. ಮಗುವನ್ನು ಮೊಟ್ಟೆಯಿಂದ ದೂರವಿಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಆದರೂ, ಇಲ್ಲದ ಮರಿಯನ್ನು ಇದೆಯೆಂದು ತಿಳಿದೂ ಹೇಳುವುದು ಈ ಅತಿಚಾರದ ನೆರಳಿಗೆ ಬರುತ್ತದೆ. ತಿಳಿಯದೆ ಹೇಳಿದ್ದರೆ ಅದು ಅಜ್ಞಾನ; ತಿಳಿದ ಮೇಲೂ ತಿದ್ದಿಕೊಳ್ಳದಿದ್ದರೆ ಅದು ಹಟ.

ಇದರ ನಷ್ಟ ಪಾಪದ ಲೆಕ್ಕದಲ್ಲಿ ಮಾತ್ರವಲ್ಲ, ಲೋಕದ ಲೆಕ್ಕದಲ್ಲೂ ಇದೆ. ಮಗು ವ್ರತವನ್ನು ಕಾರಣದ ಮೇಲೆ ನಿಲ್ಲಿಸಿಕೊಂಡಿರುತ್ತದೆ. ಶಾಲೆಯಲ್ಲಿ ಆ ಕಾರಣ ಮುರಿದ ದಿನ ವ್ರತವೂ ಮುರಿಯುತ್ತದೆ. ಮೊಟ್ಟೆಯ ವಿಷಯದಲ್ಲಿ ಹಿರಿಯರು ಸುಳ್ಳಾದರೆ ರಾತ್ರಿಭೋಜನ, ಕಂದಮೂಲ, ನೀರು ಸೋಸುವ ವಿಷಯಗಳಲ್ಲೂ ಸುಳ್ಳಾಗಿರಬಹುದೆಂಬ ಸಂದೇಹ ಸಹಜ. ಒಂದು ಖೋಟಾ ನಾಣ್ಯ ಸಿಕ್ಕಿದ ಥೈಲಿಯ ಉಳಿದ ನಾಣ್ಯಗಳನ್ನೂ ಜನ ತಟ್ಟಿ ನೋಡುತ್ತಾರೆ.

ಗಾಂಧೀಜಿಯವರ ಆಕ್ಷೇಪ

ಹಾಗಾದರೆ ಫಾರಂ ಮೊಟ್ಟೆಯನ್ನು ತಿನ್ನಬಹುದೇ? ತಿನ್ನಬಹುದೆಂಬ ಪಕ್ಷವನ್ನು ಅತ್ಯಂತ ಗೌರವಾರ್ಹವಾಗಿ ಮಂಡಿಸಿದವರು ಮಹಾತ್ಮಾ ಗಾಂಧಿಯವರು. ೧೯೪೨ರಲ್ಲಿ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ, ಹುಂಜವನ್ನು ಕಾಣದ ಕೋಳಿಯ ಮೊಟ್ಟೆ ಎಂದೂ ಮರಿಯಾಗದಾದ್ದರಿಂದ, ಹಾಲನ್ನು ಕುಡಿಯುವವರಿಗೆ ಅದನ್ನು ತಿನ್ನಲು ಆಕ್ಷೇಪವಿರಬಾರದೆಂಬ ಅಭಿಪ್ರಾಯವನ್ನು ಅವರು ತಿಳಿಸಿದರು. ರಾಯಚಂದಭಾಯಿಯವರ ಸಹವಾಸದಿಂದ ಜೈನ ಅಹಿಂಸೆಯನ್ನು ಬಲ್ಲ ಮಹಾನುಭಾವರ ಮಾತಾದ್ದರಿಂದ ಇದಕ್ಕೆ ಸರಿಯಾದ ಸಮಾಧಾನ ಬೇಕು.

ಮೊದಲ ಸಮಾಧಾನ ಪುರುಷಾರ್ಥಸಿದ್ಧ್ಯುಪಾಯದಲ್ಲಿ ದೊರೆಯುತ್ತದೆ. ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ತಿಂದರೆ ದೋಷವೇನು ಎಂಬ ಪ್ರಶ್ನೆಯನ್ನು ಅಮೃತಚಂದ್ರ ಸೂರಿಗಳು ಎದುರಿಸಿದ್ದಾರೆ. ಕೊಂದ ಹಿಂಸೆ ಅಲ್ಲಿಲ್ಲದಿದ್ದರೂ ಆ ಮಾಂಸವನ್ನು ಆಶ್ರಯಿಸಿ ಹುಟ್ಟುವ ನಿಗೋದ ಜೀವಗಳ ಹಿಂಸೆ ಇದೆಯೆಂದು ಅವರು ತೋರಿಸಿದ್ದಾರೆ. ಅಂದರೆ ದೊಡ್ಡ ಜೀವವೊಂದು ಇಲ್ಲವೆಂದ ಮಾತ್ರಕ್ಕೆ ಪದಾರ್ಥ ಭಕ್ಷ್ಯವಾಗುವುದಿಲ್ಲ. ಪ್ರಾಣಿಯ ದೇಹದಿಂದ, ಪ್ರಾಣಿಯ ಸಂತಾನಕ್ಕಾಗಿಯೇ ಏರ್ಪಟ್ಟ ಪದಾರ್ಥವಾದ ಮೊಟ್ಟೆಯನ್ನು ಶ್ರಾವಕ ಪರಂಪರೆ ಅಭಕ್ಷ್ಯವೆಂದು ಬಿಟ್ಟಿರುವುದು ಈ ಬಗೆಯ ವಿವೇಕಕ್ಕೆ ಹೊಂದುತ್ತದೆ.

ಮೊಟ್ಟೆಯ ಹಿಂದಿನ ಲೆಕ್ಕ

ಎರಡನೆಯ ಸಮಾಧಾನವನ್ನು ಶ್ರದ್ಧೆಯಿಲ್ಲದವರೂ ಪರೀಕ್ಷಿಸಬಹುದು. ತಟ್ಟೆಯ ಮೇಲಿನ ಮೊಟ್ಟೆಯಲ್ಲಿ ಭ್ರೂಣವಿಲ್ಲ, ನಿಜ. ಆದರೆ ಅದನ್ನು ಇಟ್ಟ ಕೋಳಿ ಎಲ್ಲಿಂದ ಬಂತು? ಹುಂಜಗಳನ್ನು ಕೂಡಿಸಿ ಸಾಕಿದ ತಾಯಿಕೋಳಿಗಳ ಹಿಂಡಿನ ಫಲಿತ ಮೊಟ್ಟೆಯಿಂದ, ಯಂತ್ರದ ಕಾವಿನಲ್ಲಿ ೨೧ ದಿನ ಬೆಳೆದು ಬಂತು. ಆ ಯಂತ್ರದಲ್ಲಿ ಹೆಣ್ಣು ಮರಿಗಳಷ್ಟೇ ಗಂಡು ಮರಿಗಳೂ ಹುಟ್ಟುತ್ತವೆ. ಮೊಟ್ಟೆಯ ತಳಿಯ ಗಂಡು ಮೊಟ್ಟೆ ಇಡದು. ಮಾಂಸಕ್ಕೆ ಸಾಕಿದರೆ ಮೇವಿನ ಖರ್ಚೂ ಹುಟ್ಟದು. ಆದಕಾರಣ ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ ಕೊಲ್ಲುವುದು ಈ ಉದ್ಯಮದಲ್ಲಿ ಜಗತ್ತಿನ ಬಹುಭಾಗದ ರೂಢಿ. ಉಳಿದ ಹೆಣ್ಣು ಬರೆಯುವ ಕಾಗದದ ಒಂದು ಹಾಳೆಯಷ್ಟೂ ಸಿಗದ ಜಾಗದಲ್ಲಿ, ತಂತಿಯ ಗೂಡಿನಲ್ಲಿ, ವರ್ಷಕ್ಕೆ ಸುಮಾರು ೩೦೦ ಮೊಟ್ಟೆ ಇಟ್ಟು, ಇಳುವರಿ ಕುಗ್ಗಿದ ಮೇಲೆ ಮಾಂಸದ ಅಂಗಡಿಗೆ ಹೋಗುತ್ತದೆ.

ಈ ಲೆಕ್ಕವನ್ನು ಖಾತೆಯಲ್ಲಿ ಬರೆದರೆ ಹೀಗಾಗುತ್ತದೆ: ಮೊಟ್ಟೆಯ ಒಳಗೆ ಒಂದೂ ಭ್ರೂಣವಿಲ್ಲ, ಮೊಟ್ಟೆಯ ಹಿಂದೆ ಎರಡಿವೆ. ಒಂದು ಗೂಡು ಸೇರಿತು, ಅದರ ಒಡಹುಟ್ಟು ಮೊದಲ ದಿನವನ್ನೂ ದಾಟಲಿಲ್ಲ. ಕಂದ ಜೀವಗಳ ಈ ವಧೆ ಪಾಶ್ಚಾತ್ಯರ ಮನಸ್ಸನ್ನೂ ಕಲಕಿದೆ. ಜರ್ಮನಿಯು ೨೦೨೨ರ ಜನವರಿಯಿಂದ ಗಂಡು ಮರಿಗಳನ್ನು ಕೊಲ್ಲುವುದನ್ನು ನಿಷೇಧಿಸಿತು. ಮೊಟ್ಟೆಯಲ್ಲಿರುವಾಗಲೇ ಗಂಡು ಹೆಣ್ಣು ತಿಳಿಯುವ ವಿಧಾನಗಳು ಬಂದಾಗ, ಭ್ರೂಣವನ್ನು ಯಾವ ದಿನದವರೆಗೆ ನಾಶಮಾಡಬಹುದೆಂಬ ಚರ್ಚೆ ಅಲ್ಲಿ ನಡೆದು, ಕಾವಿನ ೧೩ನೆಯ ದಿನದಿಂದ ಕೂಡದೆಂಬ ಗಡಿಯನ್ನು ಹಾಕಲಾಯಿತು. ಅದು ನೋವಿನ ಆರಂಭವನ್ನು ಆಧರಿಸಿದ ಗಡಿ. ಆಗಮದ ದೃಷ್ಟಿಯಲ್ಲಿ ಹಿಂಸೆಯ ಗಡಿ ಅದಕ್ಕಿಂತ ಬಹಳ ಹಿಂದಿದೆ. ಆದರೂ ಭ್ರೂಣದ ದಿನಗಳನ್ನು ಎಣಿಸಿ ಕರುಣೆ ತೋರಿದ ಆ ಪ್ರಯತ್ನ ಗೌರವಕ್ಕೆ ಅರ್ಹ.

ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು ಬಗೆಯಾಗಿ ಹೇಳಲಾಗಿದೆ. ಕೊಳ್ಳುವವನು ಕೊಲ್ಲುವುದಿಲ್ಲ, ಆದರೆ ಅವನ ಬೇಡಿಕೆಯೇ ಆ ಯಂತ್ರವನ್ನು ನಡೆಸುತ್ತದೆ. ಹಿಂದೇನು ನಡೆಯುತ್ತದೆಂದು ವಿಚಾರಿಸದಿರುವುದು ಪ್ರಮಾದ. ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನವಿರುವುದನ್ನು ತತ್ತ್ವಾರ್ಥದ ವಾಚಕರು ಬಲ್ಲರು.

ವಸ್ತುವಿನಲ್ಲಿ ಜೀವವಿದೆಯೋ ಇಲ್ಲವೋ ಎಂಬುದೊಂದರಿಂದಲೇ ಹಿಂಸೆ ನಿರ್ಣಯವಾಗದೆಂಬುದನ್ನು ಕನ್ನಡಿಗರಿಗೆ ಜನ್ನ ಕವಿ ೧೨೦೯ರಲ್ಲೇ ಯಶೋಧರ ಚರಿತೆಯಲ್ಲಿ ಮನಗಾಣಿಸಿದ್ದಾನೆ. ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಬಲಿಗೊಟ್ಟದ್ದು ಹಿಟ್ಟಿನ ಹುಂಜ. ಹಿಟ್ಟಿಗೆ ಗರ್ಭವಿಲ್ಲ, ರಕ್ತವಿಲ್ಲ. ಆದರೂ ಕೊಲ್ಲುವ ಸಂಕಲ್ಪ ತಾಯಿ ಮಗನನ್ನು ತಿರ್ಯಂಚ ಜನ್ಮಗಳಲ್ಲಿ ಅಲೆಸಿತು. ಕೊನೆಗೆ ಅವರು ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ತುತ್ತಾದರು. ಮೊಟ್ಟೆ ತಿನ್ನುವವನಿಗೆ ಯಶೋಧರನಂತೆ ಕೊಲ್ಲುವ ಸಂಕಲ್ಪವಿದೆಯೆಂದು ಹೇಳುವುದು ಅನ್ಯಾಯ. ಕಥೆಯಿಂದ ಗ್ರಹಿಸಬೇಕಾದುದು ಇಷ್ಟೇ: “ಇದರಲ್ಲಿ ಜೀವವಿಲ್ಲ” ಎಂಬ ಉತ್ತರ ಸಿಕ್ಕೊಡನೆ ವಿಚಾರ ಮುಗಿಯುವುದಿಲ್ಲ.

ತನ್ನ ಲೆಕ್ಕ, ನೆರೆಯವರ ತಟ್ಟೆ

ಗಾಂಧೀಜಿಯವರ ಮಾತಿನ ಉಳಿದರ್ಧವನ್ನೂ ಕೇಳಿಸಿಕೊಳ್ಳಬೇಕು. ಮೊಟ್ಟೆಯ ಹಿಂದಿನ ಲೆಕ್ಕವನ್ನು ತೆರೆದವನು ಹಾಲಿನ ಹಿಂದಿನ ಲೆಕ್ಕವನ್ನು ಮುಚ್ಚಿಡಲಾಗದು. ಹಾಲು ಕೊಡುವ ಹಸುವಿನ ಗಂಡು ಕರು ಏನಾಯಿತು? ಬರಡಾದ ಹಸು ಎಲ್ಲಿಗೆ ಹೋಯಿತು? ಅಭಿಷೇಕಕ್ಕೆ ಹಾಲು ತರಿಸುವ ಬಸದಿಯ ಟ್ರಸ್ಟುಗಳು ದರ ವಿಚಾರಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ವಿಚಾರಿಸಬೇಕು. ಕರುವನ್ನು ಮಾರದ ರೈತನಿಂದ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಹಾಲು ಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳಿಗೆ ಸುಡುವ ಸೌದೆಯೊಡನೆ ಎಷ್ಟು ಜೀವಗಳು ಬೂದಿಯಾಗುತ್ತವೆಂಬುದೂ ಇದೇ ಖಾತೆಯ ಪುಟ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ ಹಿಂಸೆಗಳು ಪೂರ್ಣವಾಗಿ ತಪ್ಪವು. ಆದರೆ ಅವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳಲು ಅನುಮತಿಯಿಲ್ಲ.

ಇನ್ನೊಂದು ಮಾತು. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಿಂದ ಶಾಲೆಗೆ ಬರುವ ಮಗುವಿಗೆ ಆ ಮೊಟ್ಟೆ ದಿನದ ಪೌಷ್ಟಿಕ ಆಹಾರದ ಮುಖ್ಯ ಭಾಗವಾಗಿರಬಹುದು. ಅಣುವ್ರತವು ಅದನ್ನು ಸ್ವೀಕರಿಸಿದವನನ್ನು ಕಟ್ಟುತ್ತದೆ. ಇತರರ ತಟ್ಟೆಯನ್ನು ಎಳೆಯಲು ಅಧಿಕಾರ ಕೊಡುವುದಿಲ್ಲ. ಹಸಿದ ಮಗುವನ್ನು ಹೇಸಿಗೆಯಿಂದ ನೋಡುವುದು ಸ್ವತಃ ಭಾವಹಿಂಸೆ. ಮೊಟ್ಟೆ ಬೇಡವೆಂದು ಮನವಿ ಸಲ್ಲಿಸುವುದಕ್ಕಿಂತ ಮೊದಲು ಹೆಸರುಕಾಳು, ಕಡಲೆಬೀಜ, ಹಾಲುಗಳನ್ನು ಎಲ್ಲ ಮಕ್ಕಳಿಗೂ ಹೊಟ್ಟೆತುಂಬ ಒದಗಿಸಲು ಟ್ರಸ್ಟುಗಳು ಮುಂದಾದರೆ ಆಹಾರದಾನದ ಫಲವೂ ಉಂಟು, ಮಾತಿಗೆ ತೂಕವೂ ಉಂಟು.

ಸಾಲಿಗ್ರಾಮದ ಆ ತಾತ ಮರುದಿನ ಬೆಳಿಗ್ಗೆ ಬಸದಿಯಿಂದ ಬಂದು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡರು. “ನಿಮ್ಮ ಮೇಷ್ಟ್ರು ಹೇಳಿದ್ದು ಸರಿ ಮಗು. ಆ ಮೊಟ್ಟೆಯಲ್ಲಿ ಮರಿ ಇಲ್ಲ. ನಾನು ಹೇಳಿದ್ದು ತಪ್ಪು” ಎಂದರು. ಅನಂತರ ಗೂಡಿನ ಕೋಳಿಯ ಕಥೆಯನ್ನೂ, ಒಂದೇ ದಿನ ಬದುಕಿದ ಅದರ ಅಣ್ಣನ ಕಥೆಯನ್ನೂ ಹೇಳಿದರು. ಹುಡುಗಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ನಾಳೆ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ ತಾತ” ಎಂದಳು.

ಅಹಿಂಸೆಯು ವ್ರತಗಳಲ್ಲಿ ಮೊದಲನೆಯದು. ಸತ್ಯವು ಅದರ ಮಗ್ಗುಲಲ್ಲೇ ಇರಿಸಲ್ಪಟ್ಟಿದೆ. ಎರಡನೆಯದನ್ನು ಒತ್ತೆಯಿಟ್ಟು ಮೊದಲನೆಯದನ್ನು ಉಳಿಸಿಕೊಳ್ಳಬೇಕಾದ ಬಡತನ ಜಿನಧರ್ಮಕ್ಕೆ ಬಂದಿಲ್ಲವೆಂಬುದನ್ನು ಪ್ರತಿಯೊಬ್ಬ ಶ್ರಾವಕನೂ ಮನಗಾಣಬೇಕು.